ನೂರಾ ಹನ್ನೆರಡು ಎಂ.ಬಿ.

ನಾನು ಜಗಳಗಂಟಿ ಅಂತ ನಮ್ಮ ಓಣಿಯಾಗ ಹೆಸರದ. ಕಾಯಿಪಲ್ಲೆ ಗಾಡಿಯವನ ಜೋಡಿ, ನಳ ಬಿಡೋನ ಜೋಡಿ, ಬಸ್ ಕಂಡಕ್ಟರ್ ಜೋಡಿ, ಯಾರ ಜೋಡಿ ಬೇಕಾದ್ರೂ ಸೊಂಟಕ್ಕ ಕೈ ಇಟ್ಟು ನಿಂತು ಮಾತಾಡ್ತೀನಿ. ಆದ್ರ ಖರೇ ಹೇಳಬೇಕಂದ್ರ ನಾನು ಅಂಜುಬುರುಕಿ. ಬಾಯಿ ಜೋರಿದ್ದವರೆಲ್ಲ ಧೈರ್ಯದವರು ಅಂತ ಮಂದಿ ತಿಳ್ಕೊಂಡಾರ. ನನ್ನ ಬಾಯಿ ಜೋರಾಗೋದೇ ಅಂಜಿಕಿ ಆದಾಗ. ಇದು ನಮ್ಮವ್ವಗ ಗೊತ್ತಿತ್ತು, ನನ್ನ ಗಂಡಗ ಗೊತ್ತದ, ಈಗ ನಿಮಗೂ ಹೇಳಿದೆ.

ರಾಯಚೂರಿನ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಾಗ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳೋ ಕೆಲಸ ನಂದು. ಪರ್ಮನೆಂಟ್ ಅಲ್ಲ. ಹನ್ನೊಂದು ತಿಂಗಳಿಗೆ ಆರ್ಡರ್ ಕೊಡ್ತಾರ, ಒಂದು ತಿಂಗಳು ಮನ್ಯಾಗ ಕುಂದರಸ್ತಾರ, ಮತ್ತ ಹೊಸ ಆರ್ಡರ್. ಆ ಕಾಗದ ಕೈಗೆ ಬರೋತನಕ ಪ್ರಿನ್ಸಿಪಾಲರ ಮುಖ ನೋಡಾಕೂ ಅಂಜಿಕಿ. ರವಿವಾರ ದಿನ ನಮ್ಮ ಲ್ಯಾಬು ಸರ್ಕಾರಿ ನೌಕರಿ ಪರೀಕ್ಷೆಗಳಿಗೆ ಬಾಡಿಗಿ ಹೋಗ್ತದ. ಐವತ್ತು ಕಂಪ್ಯೂಟರ್ ಮುಂದ ಐವತ್ತು ಮಂದಿ ಕುಂತು ಉತ್ತರ ಒತ್ತತಾರ. ಆ ಉತ್ತರ ಎಲ್ಲಾ ವೈರ್ ಹಿಡಿದು ಬಾಜೂ ಖೋಲಿಯ ಒಂದು ದೊಡ್ಡ ಕಂಪ್ಯೂಟರಿಗೆ ಬಂದು ಬೀಳ್ತಾವ. ಅದಕ್ಕ ಸರ್ವರ್ ಅಂತಾರ. ಪರೀಕ್ಷೆ ಮುಗಿಯೋತನಕ ಅದನ್ನ ಕಾಯಾಕಿ ನಾನು.

ಆ ಸರ್ವರಿಗೆ ಮೌಸ್ ಇಲ್ಲ, ಬಣ್ಣದ ಚಿತ್ರ ಇಲ್ಲ. ಕರೇ ಪರದಿ, ಬಿಳೇ ಅಕ್ಷರ. ನಾವು ಟೈಪ್ ಮಾಡಿ ಕೇಳಿದ್ರ ಉತ್ತರ ಕೊಡ್ತದ, ಇಲ್ಲಂದ್ರ ಒಂದು ಗೀಟು ಮಿಟಿಮಿಟಿ ಮಾಡ್ಕೊಂತ ಸುಮ್ನ ಕುಂದರ್ತದ. ಹಿಂದಿನ ವರ್ಷ ಒಂದು ಪರೀಕ್ಷೆ ದಿನ ಅದರ ಮೆಮೊರಿ ತುಂಬಿ ಕಲ್ಲಾಗಿ ನಿಂತುಬಿಟ್ಟಿತ್ತು. ಕಂಪ್ಯೂಟರ್ ಕೆಲಸ ಮಾಡುವಾಗ ತನ್ನ ಸಾಮಾನು ಹರಡಿಕೊಳ್ಳಾಕ ಒಂದಿಷ್ಟು ಜಾಗ ಬೇಕು, ಆ ಜಾಗಕ್ಕ ಮೆಮೊರಿ ಅಂತಾರ. ಜಾಗ ಮುಗೀತಂದ್ರ ಅದು ಕೈಕಾಲು ಆಡಸಂಗಿಲ್ಲ. ಅವತ್ತು ಐವತ್ತೂ ಮಂದಿನ್ನ ವಾಪಸ್ ಕಳಿಸಬೇಕಾತು. ಸಿಟ್ಟಿಗೆದ್ದ ಮಂದಿ ಲ್ಯಾಬಿನ ಕಿಟಕಿ ಗಾಜು ಒಡೆದು ಹೋದ್ರು. ನನಗ ಮೆಮೊ ಬಂತು. "ಇನ್ನೊಮ್ಮಿ ಹಿಂಗಾದ್ರ ಮುಂದಿನ ಆರ್ಡರ್ ಬಗ್ಗೆ ವಿಚಾರ ಮಾಡಬೇಕಾಗ್ತದ ನೋಡಮ್ಮ," ಅಂತ ಪ್ರಿನ್ಸಿಪಾಲರು ಸಾವಕಾಶ ಹೇಳಿದ್ರು. ಒದರಿ ಬೈದಿದ್ರ ನಾನೂ ಒದರ್ತಿದ್ದೆ. ಸಾವಕಾಶ ಹೇಳಿದ್ದಕ್ಕ ತಲಿ ಬಗ್ಗಿಸಿ ಹೊರಗ ಬಂದೆ.

ಅದಾದ ಮ್ಯಾಲ ಪರೀಕ್ಷೆ ನಡೆಸೋ ಕಂಪನಿಯವರು ಒಂದು ರಜಿಸ್ಟರ್ ಕಳಿಸಿದ್ರು. ಹತ್ತು ನಿಮಿಷಕ್ಕೊಮ್ಮಿ ಆ ಕರೇ ಪರದಿ ಮ್ಯಾಲ "ಫ್ರೀ ಮೈನಸ್ ಎಂ" ಅಂತ ಟೈಪ್ ಮಾಡಿ ಎಂಟರ್ ಒತ್ತಬೇಕು. ಆಗ ಮೆಮೊರಿ ಎಷ್ಟದ ಏನು ಅಂತ ಒಂದು ಸಾಲು ಅಂಕಿ ಬರ್ತಾವ. ಅದನ್ನ ರಜಿಸ್ಟರಿನಾಗ ಬರೀಬೇಕು. ರಜಿಸ್ಟರಿನಾಗ ಎರಡೇ ಕಾಲಂ: ಬಳಸಿದ್ದು, ಖಾಲಿ ಇದ್ದದ್ದು. ಪರದಿ ಮ್ಯಾಲ ಇನ್ನೂ ಮೂರು ನಾಲ್ಕು ಅಂಕಿ ಬರ್ತಿದ್ವು, ಆದ್ರ ಅವಕ್ಕ ರಜಿಸ್ಟರಿನಾಗ ಮನಿ ಹಾಕಿರಲಿಲ್ಲ. ಅವರೇ ಬ್ಯಾಡ ಅಂದದ್ದು ನನಗ್ಯಾಕ ಅಂತ ನಾನು ಅವನ್ನ ಕಣ್ಣೆತ್ತಿ ನೋಡಿದ್ದಿಲ್ಲ. ಖಾಲಿ ನೂರು ಎಂ.ಬಿ. ಕೆಳಗ ಬಂದ್ರ ತಕ್ಷಣ ಕಂಪನಿಗೆ ಫೋನ್ ಮಾಡಬೇಕು ಅಂತ ಹಾಳಿ ಕೆಳಗ ದಪ್ಪ ಅಕ್ಷರದಾಗ ಅಚ್ಚು ಹಾಕಿದ್ರು.

ನಾ ಹೇಳಾಕತ್ತಿದ್ದು ಬ್ಯಾಸಗಿಯ ಒಂದು ರವಿವಾರದ ಮಾತು. ಸರ್ಕಾರಿ ದವಾಖಾನಿ ನರ್ಸ್ ಕೆಲಸಕ್ಕ ಪರೀಕ್ಷೆ. ಎಂಟು ಗಂಟೆಗೇ ಗೇಟಿನ ಮುಂದ ಪಾಳಿ ಹಚ್ಚಿದ್ರು. ಮಟಮಾರಿ, ಗುಂಜಹಳ್ಳಿ ಕಡಿ ಹುಡುಗ್ಯಾರು ಆಟೋದಾಗ ಬಂದಿದ್ರು, ಮಾನ್ವಿಯವರು ನಸುಕಿನ್ಯಾಗ ಬಸ್ ಹಿಡಿದು ಬಂದಿದ್ರು. ಮಾನ್ವಿ ನನ್ನ ತವರುಮನಿ ಊರು, ಅಲ್ಲಿಯವರು ಅಂದ್ರ ನಾನು ಒಂದು ಮಾತು ಹೆಚ್ಚಿಗಿ ಆಡ್ತೀನಿ. ಅವತ್ತು ಆಡಾಕ ಪುರಸೊತ್ತು ಸಿಗಲಿಲ್ಲ. ಗೇಟಿನ್ಯಾಗ ಗದ್ದಲ ಹತ್ತಿತ್ತು.

ಒಬ್ಬಾಕಿ ಹೆಣ್ಣುಮಗಳು, ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಾಕಿ. ಕಂಕುಳಾಗ ಕೂಸು, ಬಾಜೂಕ ಅತ್ತಿ. ತಪಾಸಣಿ ಮಾಡೋ ಗಾರ್ಡ್ ಹೆಂಗಸು ಕೈಬಳಿ ತಗೀಬೇಕು ಅಂದಿದ್ಲು. ಆಕಿ ತಗದ್ಲು. ಆದ್ರ ಮುತ್ತೈದಿ ಕೈ ಬರಿದು ಬಿಡಾಕ ಅತ್ತಿ ಒಪ್ಪಲಿಲ್ಲ. ತನ್ನ ಸೀರಿ ಸೆರಗಿನ ಅಂಚಿನಿಂದ ಎರಡು ಎಳಿ ದಾರ ಎಳದು ಸೊಸಿಯ ಎರಡೂ ಕೈಗೆ ಕಟ್ಟಿದ್ಲು. ಗಾರ್ಡು ದಾರಾನೂ ನಡಿಯಂಗಿಲ್ಲ ಅಂದ್ಲು. ನಾನು ನಡುವ ಹೊಕ್ಕೆ.

"ದಾರದಾಗ ಉತ್ತರ ಬರ್ಕೊಂಡು ಬಂದಾಳೇನು? ಬಿಡ್ರಿ ಒಳಗ. ನೀವು ಬರೀಗೈಲೆ ಇರಾಕ ತಯಾರದೀರೇನು?"

ಗಾರ್ಡು ಮುಖ ಸಿಂಡರಿಸಿ ಬಿಟ್ಲು. ಅತ್ತಿ ಕೂಸಿನ್ನ ಇಸ್ಕೊಂಡು ಕಾಂಪೌಂಡ್ ಗೋಡಿ ನೆರಳಿಗೆ ಹೋಗಿ ಕುಂತ್ಲು. ಆ ಹೆಣ್ಣುಮಗಳು ನನ್ನ ಜೋಡಿ ಮೆಟ್ಟಲ ಹತ್ತಿಕೊಂತ ಬಂದ್ಲು. ದೇವದುರ್ಗದ ಒಂದು ಖಾಸಗಿ ದವಾಖಾನ್ಯಾಗ ಎಂಟು ವರ್ಷದಿಂದ ನರ್ಸ್ ಕೆಲಸ ಮಾಡಾಕತ್ತೀನಿ ಅಂದ್ಲು. ಕೂಸಿನ್ನ ತೊಟ್ಟಿಲಿಗೆ ಹಾಕಿ, ಒಂದು ಕೈಲೆ ತೂಗಿಕೊಂತ ಇನ್ನೊಂದು ಕೈಯಾಗ ಪುಸ್ತಕ ಹಿಡಿದು ಓದೀನಿ ಅಂದ್ಲು.

"ಮೇಡಂ, ಇದು ನಂಗ ಕಡೀ ಸಲ ರೀ. ಇನ್ನೊಮ್ಮಿ ಕರಿಯೋದ್ರಾಗ ನನ್ನ ವಯಸ್ಸು ದಾಟಿ ಹೋಗ್ತದ. ಭಾಳ ಅಂಜಿಕಿ ಆಗಾಕತ್ತದ ರೀ."

"ಅಂಜಬ್ಯಾಡ. ನಾ ಇದೀನಲ್ಲ," ಅಂದೆ.

ಹೇಳಾಕೇನು, ಬಾಯಿ ತನ್ನಷ್ಟಕ್ಕ ತಾನು ಹೇಳ್ತು. ಆಕಿಗೆ ಮೂರನೇ ಸಾಲಿನಾಗ ಎರಡನೇ ಕಂಪ್ಯೂಟರ್ ಬಂತು. ಸರ್ವರ್ ಖೋಲಿಗೂ ಲ್ಯಾಬಿಗೂ ನಡುವ ಒಂದು ಗಾಜಿನ ಬಾಗಲ ಅದ. ನನ್ನ ಕುರ್ಚಿಯಿಂದ ಆಕಿ ಬೆನ್ನು, ಜಡಿ, ಮೌಸ್ ಹಿಡಿದ ಕೈ ಕಾಣತಿದ್ವು.

ಹತ್ತಕ್ಕ ಪರೀಕ್ಷೆ ಚಾಲೂ ಆತು. ಎರಡು ತಾಸಿನ ಪರೀಕ್ಷೆ, ನೂರು ಪ್ರಶ್ನೆ. ಮೊಬೈಲ್ ಹತ್ತಬಾರದು ಅಂತ ಜಾಮರ್ ಹಚ್ಚಿದ್ರು, ಹಂಗಾಗಿ ನನ್ನ ಫೋನೂ ಸತ್ತಂಗೇ. ಫೋನ್ ಮಾಡಬೇಕಂದ್ರ ಕೆಳಗ ಪ್ರಿನ್ಸಿಪಾಲರ ಖೋಲಿಗೆ ಹೋಗಿ ಲ್ಯಾಂಡ್‌ಲೈನಿನಿಂದ ಮಾಡಬೇಕು. ಆದ್ರ ಪರೀಕ್ಷೆ ನಡೆದಾಗ ಸರ್ವರ್ ಖೋಲಿ ಬಿಟ್ಟು ಹೋಗಂಗಿಲ್ಲ, ಅದೂ ನಿಯಮ. ಎರಡೂ ನಿಯಮ ಮಾಡಿದವರು ಒಬ್ಬರೇ. ಅವರಿಗೊಂದು ಬುದ್ಧಿ ಇತ್ತಂದ್ರ ನಾ ಇವತ್ತು ಇದನ್ನ ಬರೀತಿದ್ದಿಲ್ಲ.

ಹತ್ತೂ ಹತ್ತಕ್ಕ ಮೊದಲನೇ ಸಲ ಟೈಪ್ ಮಾಡಿದೆ. ಖಾಲಿ ಒಂಬೈನೂರಾ ನಲವತ್ತು. ಬರ್ಕೊಂಡೆ. ಇಪ್ಪತ್ತಕ್ಕ ಏಳುನೂರಾ ಎಂಬತ್ತು. ಮೂವತ್ತಕ್ಕ ಆರುನೂರಾ ಹತ್ತು. ಇಳಿಯೋದು ಹೊಸದಲ್ಲ, ಆದ್ರ ಇಷ್ಟು ಜಲ್ದಿ ಇಳಿದಿದ್ದು ನಾ ನೋಡಿದ್ದಿಲ್ಲ. ಹನ್ನೊಂದಕ್ಕ ಮುನ್ನೂರಾ ಹದಿನೈದು ಆದಾಗ ಹತ್ತು ನಿಮಿಷ ಕಾಯೋದು ಬಿಟ್ಟೆ. ಎರಡು ನಿಮಿಷಕ್ಕೊಮ್ಮಿ ಕೇಳಾಕತ್ತಿದೆ. ಇನ್ನೂರಾ ತೊಂಬತ್ತು. ಇನ್ನೂರಾ ಅರವತ್ತೆರಡು. ಫ್ಯಾನ್ ತಿರಗತಿತ್ತು, ನನ್ನ ಕುಬಸ ಬೆನ್ನಿಗೆ ಅಂಟಿತ್ತು. ಗಾಜಿನ ಆ ಕಡಿ ಐವತ್ತು ಮಂದಿ ತಲಿ ಬಗ್ಗಿಸಿ ಒತ್ತಾಕತ್ತಿದ್ರು, ಅವರಿಗೆ ಇದೇನೂ ಗೊತ್ತಿಲ್ಲ. ಕಿಟಕಿಗೆ ಹಾಕಿದ ಹೊಸ ಗಾಜು ನೋಡಿದ್ರ ಹಿಂದಿನ ವರ್ಷ ಒಡೆದ ಸಪ್ಪಳ ಕಿವಿಯಾಗ ಬರ್ತಿತ್ತು.

ನನಗ್ಯಾಕ ಅಷ್ಟು ಅಂಜಿಕಿ ಬಂತು ಅಂತ ಆಮ್ಯಾಲ ಭಾಳ ವಿಚಾರ ಮಾಡೀನಿ. ಮೆಮೊ ಒಂದೇ ಕಾರಣ ಅಲ್ಲ. ಮಾನ್ವಿಯಾಗ ನಮ್ಮ ಮನ್ಯಾಗ ಅಕ್ಕಿ ಡಬ್ಬಿ ತಳ ಕಾಣಬಾರದು ಅಂತ ನಮ್ಮವ್ವನ ಕಟ್ಟಪ್ಪಣಿ ಇತ್ತು. ಊರ ಸುತ್ತ ನೆಲ್ಲಿನ ಗದ್ದಿ, ಮಿಲ್ಲಿನಾಗ ಅಕ್ಕಿ ರಾಶಿ ರಾಶಿ, ಆದ್ರೂ ಡಬ್ಬ್ಯಾಗ ಒಂದು ಸೇರು ಉಳಿದಿರಬೇಕಾದ್ರೇ ಹೊಸ ಚೀಲ ಬಿಚ್ಚಬೇಕು. ಒಂದು ದಿನ ನಾ ಅನ್ನಕ್ಕಿಡಾಕ ಹೋಗಿ ಪಾವಿನಿಂದ ಡಬ್ಬಿ ತಳ ಕೆರದೆ. ತಗಡಿಗೆ ಪಾವು ತಾಗಿ ಕರ್ ಅಂದಿದ್ದಷ್ಟೇ, ನಮ್ಮವ್ವ ಹಿತ್ತಲದಿಂದ ಓಡಿ ಬಂದು ಬೆನ್ನಿಗೆ ಗುದ್ದಿದ್ಲು. ನಮ್ಮವ್ವ ಹೊಡಿಯಾಕಿ ಅಲ್ಲ. ಗುದ್ದಿದ ಮ್ಯಾಲ ಆಕಿನೇ ಅತ್ಲು. ಖಾಲಿ ಅನ್ನೋದು ಕೆಟ್ಟದ್ದು, ಖಾಲಿ ಆಗೋಕಿಂತ ಮೊದಲೇ ಏನಾದ್ರೂ ಮಾಡಬೇಕು, ಇದನ್ನ ನಾ ಶಾಲ್ಯಾಗ ಕಲಿತಿದ್ದಲ್ಲ. ನಮ್ಮ ಕಡಿ ಹೆಣ್ಣುಮಕ್ಕಳು ಎಲ್ಲರಿಗೂ ಇದು ಮೈಯಾಗೇ ಬಂದಿರ್ತದ. ಅವತ್ತು ಪರದಿ ಮ್ಯಾಲ ಅಂಕಿ ಇಳಿದಂಗ ನನಗ ಡಬ್ಬಿ ತಳಾನೇ ಕಾಣಾಕತ್ತಿತ್ತು. ಕಂಪ್ಯೂಟರಿನ ಖಾಲಿ ಬ್ಯಾರೆ, ಅಕ್ಕಿ ಡಬ್ಬಿ ಖಾಲಿ ಬ್ಯಾರೆ ಅಂತ ನನಗ ಯಾರು ಹೇಳಿಕೊಟ್ಟಿದ್ರು?

ಹನ್ನೊಂದೂ ಹದಿನೆಂಟಕ್ಕ ನೂರಾ ಹನ್ನೆರಡು ಎಂ.ಬಿ. ಅಂತ ತೋರಿಸ್ತು.

ನೂರರ ಕೆಳಗ ಬಂದ್ರ ಫೋನ್ ಮಾಡಬೇಕು. ಮಾಡಾಕ ಕೆಳಗ ಹೋಗಬೇಕು. ಹೋಗಿ ಬರೋದ್ರಾಗ ಸರ್ವರ್ ನಿಂತ್ರ? ನಿಂತಾಗ ನಾ ಖೋಲ್ಯಾಗ ಇರಲಿಲ್ಲ ಅಂದ್ರ? ಲ್ಯಾಬಿನಾಗ ಒಬ್ಬ ಅಬ್ಸರ್ವರ್ ಕುಂತಿದ್ರು, ಹೊರಗಿನಿಂದ ಬಂದ ದೊಡ್ಡ ಅಧಿಕಾರಿ, ಮುಂಜಾನೆಯಿಂದ ಒಮ್ಮಿನೂ ನಕ್ಕಿದ್ದಿಲ್ಲ. ಅವರಿಗೆ ಹೇಳಬಹುದಿತ್ತು. ಹೇಳಿದ್ರ ಅವರು ಬರೀತಾರ, ಬರೆದದ್ದು ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಗ್ತದ ಅಂತ ಅಂಜಿದೆ.

"ಟಾಪ್" ಅನ್ನೋ ಇನ್ನೊಂದು ಕಮಾಂಡ್ ನನಗ ಗೊತ್ತಿತ್ತು. ಅದನ್ನ ಟೈಪ್ ಮಾಡಿದ್ರ ಒಳಗ ಯಾವ ಯಾವ ಕೆಲಸ ನಡೆದಾವ, ಯಾವುದು ಎಷ್ಟು ಮೆಮೊರಿ ತಿನ್ನಾಕತ್ತದ ಅಂತ ಪಟ್ಟಿ ಬರ್ತದ. ಪಟ್ಟಿ ತಗಸಿದೆ. ಒಂದೇ ಹೆಸರಿನವು ಐದು ಇದ್ವು. ಐದರಾಗ ಒಂದು ಎಲ್ಲಾದಕ್ಕಿಂತ ಹೆಚ್ಚು ತಿಂದು ಮ್ಯಾಲ ಕುಂತಿತ್ತು. ಒಂದೇ ಹೆಸರಿನವು ಐದು ಯಾಕ ಬೇಕು? ನಾಲ್ಕು ಸುಮ್ನ ಉಳಿದುಕೊಂಡವು, ಇದೊಂದಂತೂ ಸಿಕ್ಕಿಬಿದ್ದು ಉಬ್ಬಾಕತ್ತದ ಅಂತ ನನಗ ನಾನೇ ಹೇಳಿಕೊಂಡೆ. ಪ್ರತಿಯೊಂದಕ್ಕೂ ಒಂದು ನಂಬರ್ ಇರ್ತದ. "ಕಿಲ್" ಅಂತ ಬರೆದು ಅದರ ಮುಂದ ಆ ನಂಬರ್ ಬರೆದ್ರ ಆ ಕೆಲಸ ನಿಲ್ಲತದ. ಬರದೆ. ಎಂಟರ್ ಮ್ಯಾಲ ಬಟ್ಟಿಟ್ಟು ಎಷ್ಟೊತ್ತು ಕುಂತೆನೋ ಗೊತ್ತಿಲ್ಲ. ಒತ್ತಿದೆ.

ಮತ್ತ ಫ್ರೀ ಮೈನಸ್ ಎಂ. ಖಾಲಿ ಮುನ್ನೂರಾ ನಲವತ್ತಾರು. ಉಸಿರು ಬಿಟ್ಟೆ. ಒಂದೇ ಉಸಿರು.

ಗಾಜಿನ ಆ ಕಡಿ ಮೂರನೇ ಸಾಲಿನ ಹತ್ತೂ ಪರದಿ ಬೆಳ್ಳಗಾಗಿದ್ವು. ಬ್ಯಾರೆ ಸಾಲು ಬರೋಬರಿ ನಡೆದಿದ್ವು. ಆಗ ತಿಳೀತು ನಂಗ. ಸಾಲು ಐದು, ಒಂದೇ ಹೆಸರಿನವೂ ಐದು. ಒಂದೊಂದು ಸಾಲಿನ ಉತ್ತರ ಹಿಡಿದುಕೊಳ್ಳಾಕ ಒಂದೊಂದು ಇತ್ತು. ನಾನು ನಿಲ್ಲಿಸಿದ್ದು ಮೂರನೇ ಸಾಲಿಂದು.

ಎದ್ದು ಲ್ಯಾಬಿಗೆ ಬಂದೆ. ಹತ್ತು ಮಂದಿ ಹತ್ತು ಕಡಿ ನೋಡಾಕತ್ತಿದ್ರು, ಅಬ್ಸರ್ವರ್ ಕುರ್ಚಿ ಸರಿಸಿ ಏಳಾಕತ್ತಿದ್ರು. ಮೊದಲೇ ಹೇಳಿದೆನಲ್ಲ, ಅಂಜಿಕಿ ಆದಾಗ ನನ್ನ ಬಾಯಿ ಜೋರಾಗ್ತದ ಅಂತ.

"ಯಾರ್ರೀ ಏನರ ಒತ್ತಿದ್ದು? ಹೇಳಿದಷ್ಟು ಒತ್ತಿ ಸುಮ್ನ ಕುಂದ್ರಾಕ ಬರಂಗಿಲ್ಲೇನು?" ಅಂತ ಒದರಿದೆ.

ಒದರುವಾಗ ನನ್ನ ಕಣ್ಣು ಆ ಜಾಲಹಳ್ಳಿಯಾಕಿ ಮ್ಯಾಲಿತ್ತು. ಬೇಕಂತ ನೋಡಿದ್ದಲ್ಲ. ಐವತ್ತು ಮಂದ್ಯಾಗ ನನಗ ಗುರ್ತಿದ್ದ ಮುಖ ಅದೊಂದೇ ಇತ್ತು. ಆಕಿ ಮೌಸು, ಕೀಬೋರ್ಡು ಎರಡೂ ಬಿಟ್ಟು ಕೈ ಗಾಳಿಯಾಗ ಎತ್ತಿ ಹಿಡಿದ್ಲು, ಪೊಲೀಸರು ಹಿಡಿದವರಂಗ.

"ಏನಾತು?" ಅಂತ ಅಬ್ಸರ್ವರ್ ಕೇಳಿದ್ರು.

"ತಾನಾಗೇ ಬಂದ್ ಆತ್ರೀ ಸರ್."

ಪರೀಕ್ಷೆ ಕೇಂದ್ರದವರ ಕೈಯಿಂದ ತಪ್ಪಾದ್ರ ಆ ಸಾಲಿನವರಿಗೆ ಮರುಪರೀಕ್ಷೆ ಮಾಡಬೇಕಂತ ನಿಯಮ ಇತ್ತು. ತಾನಾಗೇ ನಿಂತ್ರ ಅದಕ್ಕ ತಾಂತ್ರಿಕ ತೊಂದರಿ ಅಂತಾರ, ಹತ್ತು ನಿಮಿಷ ಹೆಚ್ಚಿಗಿ ಕೊಟ್ರ ಮುಗೀತು. ಇದು ನನಗೂ ಗೊತ್ತಿತ್ತು, ಅಬ್ಸರ್ವರಿಗೂ ಗೊತ್ತಿತ್ತು. ಅವರು ಗಡಿಯಾರ ನೋಡಿ, "ಹಂಗಾದ್ರ ರಜಿಸ್ಟರಿನಾಗ ಹಂಗೇ ಬರೀರಿ," ಅಂದ್ರು. ಬರದೆ. "ಮೂರನೇ ಸಾಲು ತಾನಾಗಿಯೇ ಸ್ಥಗಿತ, ನಾಲ್ಕು ನಿಮಿಷದಲ್ಲಿ ಮರುಚಾಲನೆ." ಸಹಿ ಮಾಡಿದೆ. ನನ್ನ ಸಹಿ ನನಗೇ ಬ್ಯಾರೆಯವರದ್ದು ಕಂಡಂಗ ಕಾಣ್ತು.

ನಿಂತ ಸಾಲು ಅಷ್ಟರಾಗ ತಾನೇ ಮತ್ತ ಚಾಲೂ ಆಗಿತ್ತು. ಇಪ್ಪತ್ತು ನಿಮಿಷಕ್ಕೊಮ್ಮಿ ಉತ್ತರ ಡಿಸ್ಕಿನಾಗ ಉಳೀತಾವ, ಅಲ್ಲಿತನಕ ಉಳಿದದ್ದು ವಾಪಸ್ ಬಂತು. ಕಡೀ ಸಲ ಉಳಿದ ಮ್ಯಾಲ ಒತ್ತಿದ್ದೆಲ್ಲ ಹೋಗಿತ್ತು. ಪರೀಕ್ಷೆ ಮುಗಿದು ಎಲ್ಲರೂ ಹೊರಗ ಹೋಗುವಾಗ ಆ ಹೆಣ್ಣುಮಗಳು ನನ್ನ ಬಾಗಲ ಮುಂದ ನಿಂತ್ಲು.

"ಇಪ್ಪತ್ತೆರಡು ಉತ್ತರ ಹೋಗಿದ್ವು ರೀ ಮೇಡಂ. ಹದಿನಾರು ಮತ್ತ ಒತ್ತಿದೆ. ಆರು ಹಂಗೇ ಉಳಿದ್ವು." ಒಂದು ಹೆಜ್ಜಿ ಹೋದಾಕಿ ತಿರುಗಿ, "ನಾ ಏನೂ ತಪ್ಪು ಒತ್ತಿದ್ದಿಲ್ಲ ಅನಸ್ತದ ರೀ," ಅಂದ್ಲು.

"ಹೋಗ್ಲಿ ಬಿಡವ್ವ, ಆಗ್ತದ. ಕೂಸು ಅಳತಿರಬೇಕು ನೋಡು, ಹೋಗು," ಅಂದೆ. ಆಕಿ ಮುಖ ನೋಡದೇ ವೈರ್ ಸುತ್ತಿಕೊಂತ ಅಂದೆ.

ಅವತ್ತಿನಿಂದ ಸರ್ವರ್ ಖೋಲಿಗೆ ಹೋಗೋದಂದ್ರ ನನಗ ದೆವ್ವದ ಮನಿಗೆ ಹೋದಂಗ. ಆ ಕರೇ ಪರದಿಯಾಗ ಮ್ಯಾಲಿನ ಬಾಣದ ಕೀ ಒತ್ತಿದ್ರ ನಾವು ಹಿಂದ ಟೈಪ್ ಮಾಡಿದ್ದೆಲ್ಲ ಒಂದೊಂದಾಗಿ ವಾಪಸ್ ಬರ್ತದ. ಒತ್ತಿದೆ, ಫ್ರೀ ಮೈನಸ್ ಎಂ. ಒತ್ತಿಕೊಂತ ಹೋದೆ, ಕಿಲ್, ಅದರ ಮುಂದ ನಂಬರ್. ನಾ ಮಾಡಿದ್ದು ಅಕ್ಷರ ಸಹಿತ ಅಲ್ಲೇ ಕುಂತಿತ್ತು. ಅಳಿಸಬೇಕು ಅನಿಸ್ತು. ಅಳಿಸಿದ್ದೂ ಎಲ್ಲೋ ಬರೆದಿಡ್ತದೇನೋ ಅಂತ ಮತ್ತ ಅಂಜಿಕಿ. ಎರಡು ದಿನಕ್ಕ ಕಂಪನಿಯವರು ಆ ಡಿಸ್ಕ್ ಬಿಚ್ಚಿ, ಸೀಲ್ ಹಾಕಿ ಒಯ್ದ್ರು. ಅಲ್ಲಿಂದ ಫೋನ್ ಬಡಕೊಂಡಾಗೊಮ್ಮಿ ನನಗ ಅದೇ ಫಿಕರ್. ಪ್ರಿನ್ಸಿಪಾಲರು ಯಾರ ಜೋಡಿ ಮಾತಾಡಿದ್ರೂ ನನ್ನ ಸುದ್ದಿನೇ ಇರಬೇಕು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಯಾರೂ ಕಳ್ಳ ಅನ್ನದೇ ನಾ ದಿನಾ ಹೆಗಲು ಮುಟ್ಟಿಕೊಳ್ಳತಿದ್ದೆ. ಮನ್ಯಾಗ ಮಾತು ಮಾತಿಗೆ ಬಯ್ಯಾಕತ್ತಿದೆ. "ನಿನಗೇನೋ ಅಂಜಿಕಿ ಆಗೇದ," ಅಂತ ನನ್ನ ಗಂಡ ಅಂದ್ರು. ಅವರ ಮ್ಯಾಲೂ ಹರಿಹಾಯ್ದೆ.

ಎರಡು ತಿಂಗಳಿಗೆ ರಿಸಲ್ಟ್ ಬಂತು. ಎಲ್ಲರ ಮಾರ್ಕೂ ನೆಟ್ಟಿನಾಗ ಹಾಕಿದ್ರು. ಅವತ್ತಿನ ಹಾಜರಿ ಹಾಳಿ ಪ್ರತಿ ನನ್ನ ಕಡೆ ಇತ್ತು, ಆಕಿ ನಂಬರ್ ಹಿಡಿದು ಹುಡುಕಿದೆ. ಆಯ್ಕಿ ಪಟ್ಟಿಯಾಗ ಇರಲಿಲ್ಲ. ಎರಡು ಮಾರ್ಕು ಕಡಿಮಿ ಬಿದ್ದಿದ್ವು. ಆರು ಪ್ರಶ್ನೆ ಹಂಗೇ ಬಿಟ್ಟು ಬಂದಾಕಿಗೆ ಎರಡು ಮಾರ್ಕು. ಆ ಹಾಳಿ ಮಡಚಿ ಪರ್ಸಿನಾಗ ಇಟ್ಕೊಂಡೆ, ಯಾಕ ಇಟ್ಕೊಂಡೆ ಅಂತ ನನಗೇ ತಿಳೀಲಿಲ್ಲ.

ಅದೇ ವಾರ ಇನ್ನೊಂದು ಪರೀಕ್ಷೆಗೆ ಅಂತ ಕಂಪನಿಯವರೊಬ್ಬರು ಹೈದರಾಬಾದಿನಿಂದ ಬಂದ್ರು. ತೆಲುಗು ಬೆರೆಸಿದ ಕನ್ನಡ, ವಯಸ್ಸಾದ ಸಮಾಧಾನದ ಮನುಷ್ಯ. ನನ್ನ ರಜಿಸ್ಟರ್ ತಿರುವಿ ಹಾಕಿಕೊಂತ, "ಮೇಡಂ, ಇದ್ಯಾಕ ನೂರಾ ಹನ್ನೆರಡರ ಕೆಳಗ ಇಷ್ಟು ಒತ್ತಿ ಗೀಟು ಎಳದೀರಿ?" ಅಂದ್ರು. ಹಾಳಿ ಹರಿಯೋಹಂಗ ಎಳದಿದ್ದೆ.

"ಮೆಮೊರಿ ಮುಗಿಯಾಕ ಬಂದಿತ್ತಲ್ರೀ ಸರ್."

ಅವರು ಫ್ರೀ ಮೈನಸ್ ಎಂ ಅಂತ ಟೈಪ್ ಮಾಡಿ, ಸಾಲಿನ ಎಲ್ಲಾದಕ್ಕಿಂತ ಕಡೀ ಅಂಕಿ ಮ್ಯಾಲ ಬಟ್ಟಿಟ್ರು. "ನೋಡಬೇಕಾದ್ದು ಇದು. ಬೇಕಂದಾಗ ಸಿಗೋ ಮೆಮೊರಿ. ಖಾಲಿ ಅಂತ ಬರೋದನ್ನ ನಂಬಬಾರದು. ಬಸ್ಸಿನಾಗ ಬಾಜೂ ಸೀಟು ಖಾಲಿ ಇದ್ರ ನೀವು ಚೀಲ ಇಡ್ತೀರೋ ಇಲ್ಲೋ? ಮಂದಿ ಬಂದ್ರ ಎತ್ತಿ ತೊಡಿ ಮ್ಯಾಲ ಇಟ್ಕೊಂತೀರಿ. ಕಂಪ್ಯೂಟರೂ ಹಂಗೇ. ಖಾಲಿ ಜಾಗ ದಂಡ ಅಂತ ತನ್ನ ಸಾಮಾನು ಇಟ್ಕೊಂಡಿರ್ತದ, ಕೇಳಿದ್ರ ಬಿಟ್ಟು ಕೊಡ್ತದ. ನೂರಾ ಹನ್ನೆರಡು ಇರಲಿ, ಐವತ್ತು ಇರಲಿ, ಏನೂ ಆಗಂಗಿ‌ಲ್ಲ."

"ಅವತ್ತು ಏನೂ ಆಗ್ತಿದ್ದಿಲ್ಲೇನ್ರೀ?"

"ಇಲ್ಲ. ನೀವು ಬರದ ಬಳಸಿದ್ದರ ಲೆಕ್ಕ ಹಿಡಿದ್ರ ಎರಡು ಸಾವಿರದ ಮ್ಯಾಲೇ ಸಿಗತಿತ್ತು. ಈ ರಜಿಸ್ಟರ್ ಮಾಡಿದವನೇ ತಪ್ಪು ಮಾಡ್ಯಾನ, ಕಡೀ ಕಾಲಂ ಬಿಟ್ಟಾನ. ಬಿಡ್ರಿ, ಅವತ್ತು ಒಂದು ಸಾಲು ನಾಲ್ಕು ನಿಮಿಷ ನಿಂತಿದ್ದಷ್ಟೇ, ಸರ್ವರ್ ನಿಂತಿದ್ದಿಲ್ಲಲ್ಲ."

ಅವರು ಅಲ್ಲಿಗೆ ಬಿಟ್ರು. ನಾನು ಬಚ್ಚಲಕ್ಕ ಹೋಗಿ ನಳ ಬಿಟ್ಟು ನಿಂತೆ. ನನಗ ಸಿಟ್ಟು ಬಂದಿತ್ತು. ರಜಿಸ್ಟರ್ ಮಾಡಿದವನ ಮ್ಯಾಲ, ಮೆಮೊ ಕೊಟ್ಟವರ ಮ್ಯಾಲ, ಸತ್ತು ಹೋದ ನಮ್ಮವ್ವನ ಮ್ಯಾಲ ಸುದ್ದಾ. ಸಿಟ್ಟು ಇಳಿದ ಮ್ಯಾಲ ಉಳಿದದ್ದು ಇಷ್ಟೇ: ಏನೂ ಆಗ್ತಿದ್ದಿಲ್ಲ. ಸುಮ್ನ ಕುರ್ಚಿ ಮ್ಯಾಲ ಕೈ ಕಟ್ಟಿ ಕುಂತಿದ್ರ ಆಕಿ ಪರೀಕ್ಷೆ ಮುಗಿಸಿ ಎದ್ದು ಹೋಗ್ತಿದ್ಲು.

ಹೋಗಿ ಹೇಳಬೇಕು ಅಂತ ಅವತ್ತೇ ಅನ್ಕೊಂಡೆ. ನಾಳೆ ಹೋಗೋಣು ಅಂದೆ. ನಾಳೆ ಬಂದಾಗ ಆರ್ಡರ್ ಮುಗಿಯಾಕ ಬಂದದ, ಅದು ಆಗ್ಲಿ ಅಂದೆ. ಒಂದು ದಿನ ತಲಿನೋವು, ಒಂದು ದಿನ ಮಳಿ. ಹಿಂಗ ದಿನ ನೂಕಿದೆ. ಹೊಸ ಆರ್ಡರ್ ಕೈಗೆ ಬಂದ ಮರುದಿನ ಒಂದು ಹಾಳಿ ಮ್ಯಾಲ ನಡೆದದ್ದೆಲ್ಲ ಬರದು, ಸಹಿ ಮಾಡಿ, ದೇವದುರ್ಗ ಬಸ್ ಹತ್ತಿದೆ. ದೇವದುರ್ಗದಾಗ ಇಳಿದು ಜಾಲಹಳ್ಳಿ ಬಸ್ ಹಿಡಿದೆ. ದಾರಿ ತುಂಬ ಒಂದೇ ವಿಚಾರ. ಆಕಿ ಗಂಡ ಹೊಡಿಯಾಕ ಬಂದ್ರ? ಪೊಲೀಸರಿಗೆ ಕೊಟ್ರ? ಎರಡು ಸಲ ಇಳಿದು ವಾಪಸ್ ಹೋಗೋಣು ಅನಿಸ್ತು. ಜಾಲಹಳ್ಳಿ ಬಸ್‌ಸ್ಟ್ಯಾಂಡಿನಾಗ "ನರ್ಸಬಾಯಿ ಮನಿ ಯಾವುದ್ರೀ?" ಅಂತ ಕೇಳಿದೆ, ತೋರಿಸಿದ್ರು.

ಕಟ್ಟಿ ಮ್ಯಾಲ ಅತ್ತಿ ಮೊರದಾಗ ತೊಗರಿ ಹಸನ ಮಾಡಾಕತ್ತಿದ್ಲು, ಬಾಜೂಕ ಕೂಸು ಕುಂತಿತ್ತು, ಈಗ ಕುಂದರೋಷ್ಟು ದೊಡ್ಡದಾಗಿತ್ತು. ನನ್ನ ಗುರ್ತು ಸಿಗಲಿಲ್ಲ ಅತ್ತಿಗೆ. ಸೊಸಿ ಒಳಗಿನಿಂದ ಬಂದಾಕಿ ಗುರ್ತು ಹಿಡಿದ್ಲು. "ಬರ್ರಿ ಮೇಡಂ," ಅಂದು ಒಳಗ ಕರ್ಕೊಂಡು ಹೋಗಿ ನೀರು ಕೊಟ್ಲು. ನೀರು ಕುಡಿದ್ರ ಆಮ್ಯಾಲ ಹೇಳಾಕ ಆಗಂಗಿಲ್ಲ ಅಂತ ತಂಬಿಗಿ ಕೆಳಗಿಟ್ಟು ನಿಂತೇ ಹೇಳಿದೆ. ನಂಬರ್ ಇಳಿದದ್ದು, ನಾ ಅಂಜಿದ್ದು, ನಿಲ್ಲಿಸಿದ್ದು, ಸುಳ್ಳು ಬರದದ್ದು, ನಿಲ್ಲಿಸೋ ಜರೂರೇ ಇರಲಿಲ್ಲ ಅನ್ನೋದು.

ಆಕಿ ಅಳಲಿಲ್ಲ, ಬಯ್ಯಲೂ ಇಲ್ಲ. ಗೋಡಿಗೆ ಬೆನ್ನು ಕೊಟ್ಟು ಕುಂತು, "ಹಂಗಾರ ನಾ ಏನೂ ಒತ್ತಿದ್ದಿಲ್ಲ," ಅಂದ್ಲು.

"ಇಲ್ಲವ್ವ."

"ಖರೇನೂ ಒತ್ತಿದ್ದಿಲ್ಲ?"

"ಇಲ್ಲ. ನಾ ಒತ್ತಿದ್ದು."

"ನೀವು ಅವತ್ತು ನನ್ನನ್ನೇ ನೋಡಿ ಒದರಿದ್ರಿ ರೀ. ನಂಗ ನಾನೇ ಏನೋ ಮಾಡೀನಿ ಅನಿಸಿಬಿಡ್ತು. ದಿನಾ ಮಲಗಿದಾಗ ವಿಚಾರ ಮಾಡ್ತೀನಿ, ಯಾವ ಬಟ್ಟು ಎಲ್ಲಿ ತಾಗಿರಬೇಕು ಅಂತ. ದವಾಖಾನ್ಯಾಗ ಕಂಪ್ಯೂಟರಿನ ಹತ್ರ ಹೋಗೋದು ಬಿಟ್ಟೀನಿ." ಹೊರಗಿನ ಕಟ್ಟಿ ಕಡಿ ಕೈ ಮಾಡಿದ್ಲು. "ನಮ್ಮತ್ತಿ ಅಂತೂ ದಿನಾ ಅಂತಾಳ, ಬಿಸಿಲಾಗ ಕೂಸಿನ್ನ ಹಿಡ್ಕೊಂಡು ನಾ ಕುಂತೆ, ನೀ ಒಳಗ ಹೋಗಿ ಕೈ ಎಲ್ಲೆಲ್ಲೋ ಹಚ್ಚಿದಿ ಅಂತ."

ನಾ ಬರ್ಕೊಂಡು ಬಂದ ಹಾಳಿ ಕೊಟ್ಟೆ. "ಇದನ್ನ ಅರ್ಜಿ ಜೋಡಿ ಹಚ್ಚಿ ಕಳಿಸು. ನನ್ನ ಸಹಿ ಅದ. ಮರುಪರೀಕ್ಷೆ ಕೊಡಬೇಕಾಗ್ತದ ಅವರು. ನನ್ನ ಕೆಲಸ ಹೋದ್ರ ಹೋಗ್ಲಿ."

ಆಕಿ ಸಾವಕಾಶ ಓದಿದ್ಲು, ಕೆಳಗ ಬರದ ತಾರೀಖು ನೋಡಿದ್ಲು. "ಆಕ್ಷೇಪಣಿ ಹಾಕೋ ದಿನ ಮುಗಿದು ಹನ್ನೊಂದು ದಿನ ಆತಲ್ರೀ ಮೇಡಂ," ಅಂದ್ಲು. ತಲಿ ಎತ್ತಿ, "ನಿಮಗ ಗೊತ್ತಿತ್ತೇನು?" ಅಂತ ಕೇಳಿದ್ಲು.

ಗೊತ್ತಿಲ್ಲ ಅನ್ನಬೇಕು ಅಂತ ನಾಲಿಗಿ ತುದಿಗೆ ಬಂದಿತ್ತು. ಆ ಕಡೀ ದಿನದ ನೋಟೀಸು ನಮ್ಮ ಕಾಲೇಜಿನ ಬೋರ್ಡಿಗೂ ಬಂದಿತ್ತು. ಅಂಟಿಸಿದಾಕಿ ನಾನೇ. ಹಳೇ ಆರ್ಡರ್ ಮುಗಿಯೋತನಕ ದಿನಾ ಅದರ ಮುಂದಿಂದ ಹಾದು ಹೋಗಿ, ಆ ದಿನ ದಾಟಿದ ಮ್ಯಾಲ ಬಸ್ ಹತ್ತಿದ್ದೆ.

"ಗೊತ್ತಿತ್ತು," ಅಂದೆ.

ಆಕಿ ಎದ್ದು ಹೊರಗ ಕಟ್ಟಿಗೆ ಹೋದ್ಲು, ನಾನೂ ಹಿಂದ ಹೋದೆ. ಅತ್ತಿ ಮುಂದ ಕುಂತು ಹಾಳಿ ಬಿಡಿಸಿ ಓದಾಕತ್ತಿದ್ಲು. ಶಾಲ್ಯಾಗ ಓದಿಸಿದಂಗ, ಒಂದೊಂದೇ ಸಾಲು. ಈ ಮೇಡಮ್ಮೇ ನಿಲ್ಲಿಸಿದ್ದು ಅನ್ನೋ ಸಾಲು ಬಂದಾಗ ಅತ್ತಿ ಮೊರ ಅಲ್ಲಾಡಿಸೋದು ನಿಲ್ಲಿಸಿದ್ಲು. ಸೊಸಿಗೆ ಕೈಯಿಲೆ ಸನ್ನಿ ಮಾಡಿ ಆ ಸಾಲು ಇನ್ನೊಮ್ಮಿ ಓದಿಸಿದ್ಲು. ನನ್ನ ಕಡಿ ನೋಡಲಿಲ್ಲ. ಸೊಸಿಯನ್ನೇ ನೋಡಿಕೊಂತ ಕೇಳಿದ್ಲು:

"ಹಂಗಾರ ಇಷ್ಟ್ ದಿನ ನಾ ಬೈದಿದ್ದು ಯಾರಿಗವ್ವ?"

ಸೊಸಿ ಹಾಳಿ ಮಡಚಿ ಅತ್ತಿ ಕೈಯಾಗ ಇಟ್ಟು, ಕೂಸಿನ್ನ ಎತ್ತಿಕೊಂಡು ಒಳಗ ಹೋದ್ಲು.